ಚಿಕ್ಕ ಕುಂಕುಮ ಭರಣಿಗೆ ಉಪ್ಪು ಕಾಗದ: ಗೀರು ಹೋಗುತ್ತಿಲ್ಲ, ಅಂಚು ಮಾತ್ರ ಹೋಗುತ್ತಿದೆ

ತಿರುಗುವ ಮರ (ತುಮಕೂರು)

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಮನೆಯ ಹಿಂದಿನ ಶೀಟಿನ ಕೋಣೆಯಲ್ಲಿ ಚಿಕ್ಕ ಲೇತ್ (ಮರ ತಿರುಗಿಸಿ ಕಡೆಯುವ ಯಂತ್ರ) ಇಟ್ಟುಕೊಂಡು ಕೆಲಸ ಕಲಿಯುತ್ತಿದ್ದೇನೆ. ಬುಗುರಿ, ಲಟ್ಟಣಿಗೆ, ಬಾಗಿಲಿನ ಗುಬ್ಬಿ ಇಷ್ಟು ಬರುತ್ತದೆ. ಈಗ ತಂಗಿಯ ಮದುವೆಗೆ ತಾಂಬೂಲದ ಜೊತೆ ಕೊಡಲು 60 ಕುಂಕುಮ ಭರಣಿ ಮಾಡುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ. ಮದುವೆಗೆ ಇನ್ನು ಐದು ವಾರ ಇದೆ.

ಮರ ಹಾಲೆ. ಭರಣಿಯ ಅಗಲ 35 ಮಿಲಿಮೀಟರ್, ಎತ್ತರ ಮುಚ್ಚಳ ಸೇರಿ 45. ಮುಚ್ಚಳದ ಮೇಲಿನ ಗುಬ್ಬಿ ಬರೀ 8 ಮಿಲಿಮೀಟರ್. ಹೊಟ್ಟೆಯ ಮೇಲೆ ಎರಡು ಉಬ್ಬು ಪಟ್ಟಿ, ನಡುವೆ ಒಂದು ಚೂಪು ಗೆರೆ.

ತೊಂದರೆ ಮೂರು. ಉಜ್ಜಿದ ಮೇಲೆ ಕಣ್ಣಿಗೆ ನುಣ್ಣಗೆ ಕಾಣುತ್ತದೆ, ಆದರೆ ಎಣ್ಣೆ ಹಚ್ಚಿದ ಕೂಡಲೇ ಸುತ್ತಲೂ ಉಂಗುರದ ಹಾಗೆ ಗೀರು ಎದ್ದು ಕಾಣುತ್ತವೆ. ಎರಡನೆಯದು, ಆ ಗೀರು ಹೋಗಲಿ ಅಂತ ಜಾಸ್ತಿ ಉಜ್ಜಿದರೆ ಉಬ್ಬು ಪಟ್ಟಿ ಕರಗಿ ಸೋಪಿನ ಚೂರಿನ ಥರ ಆಗುತ್ತದೆ. ಮೂರನೆಯದು, ಕೆಲವು ಮುಚ್ಚಳಗಳ ತಲೆಯ ಮೇಲೆ ಕೂದಲೆಳೆಯಂಥ ಬಿರುಕು.

ನಾನು ಮಾಡುವುದು ಹೀಗೆ: 80 ನಂಬರ್ ಕಾಗದ, ಆಮೇಲೆ 150, ಆಮೇಲೆ 400. ಲೇತ್ ನಿಮಿಷಕ್ಕೆ 2000 ಸುತ್ತಿನಲ್ಲಿ ಓಡುತ್ತಿರುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ ಹೇಳಿ. ಇದು ತಂಗಿಯ ಮದುವೆಯ ಸಾಮಾನು, ಹೇಗೋ ಒಂದು ಮಾಡಿ ಕೊಡಲು ಮನಸ್ಸಿಲ್ಲ.

---

ಹಳೇ ಫಿಟ್ಟರ್

ಮೊದಲನೆಯ ತೊಂದರೆಗೆ ಉತ್ತರ ನಿಮ್ಮ ನಂಬರುಗಳಲ್ಲೇ ಇದೆ. ಕಾಗದದ ಹಿಂದೆ ಪಿ ಅಕ್ಷರದ ಜೊತೆ ಬರೆದಿರುತ್ತದಲ್ಲ, ಅದು ಕಣದ ಅಳತೆಯ ಗುರುತು, ನಂಬರ್ ಏರಿದಷ್ಟೂ ಕಣ ಸಣ್ಣದು. ಪಿ 80ರ ಕಣ ಸುಮಾರು 200 ಮೈಕ್ರಾನ್ (ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್). ಪಿ 120 ಅಂದರೆ 125. ಪಿ 180 ಅಂದರೆ 82. ಪಿ 240 ಸುಮಾರು 58, ಪಿ 320 ಸುಮಾರು 46, ಪಿ 400 ಅಂದರೆ 35.

ಈಗ ನೋಡಿ. ನೀವು 80ರಲ್ಲಿ ಆಳವಾಗಿ ಉತ್ತಿದ್ದೀರಿ. 150 ಅದನ್ನು ಅರ್ಧ ತೆಗೆಯಿತು. ಆಮೇಲೆ ನೇರ 400ಕ್ಕೆ ಹಾರಿದಿರಿ. 400ರ ಕಣ ಗೀರಿನ ದಿಣ್ಣೆಯ ತುದಿಯನ್ನು ಮಾತ್ರ ಸವರಿ ಹೊಳಪು ಕೊಡುತ್ತದೆ, ಹಳ್ಳದ ತಳಕ್ಕೆ ಇಳಿಯುವುದೇ ಇಲ್ಲ. ಎಣ್ಣೆ ಹಚ್ಚಿದಾಗ ಹಳ್ಳ ಕಪ್ಪಾಗಿ ಕಾಣುತ್ತದೆ.

ಒಂದು ನಂಬರಿನಿಂದ ಮುಂದಿನದಕ್ಕೆ ಒಂದೂವರೆ ಪಟ್ಟು ಮೀರಿ ಹಾರಬೇಡಿ. 120, 180, 240, 320, 400. ಪ್ರತಿ ನಂಬರಿನ ಕೆಲಸ ಒಂದೇ, ಹಿಂದಿನ ನಂಬರಿನ ಗೀರು ತೆಗೆಯುವುದು. ಅದು ಮುಗಿದ ಮೇಲೆ ಅದೇ ಕಾಗದದಲ್ಲಿ ಇನ್ನೂ ಉಜ್ಜಿದರೆ ಲಾಭ ಇಲ್ಲ, ಮರ ಸವೆಯುತ್ತದೆ ಅಷ್ಟೇ.

ಗೀರು ಹೋಗಿದೆಯಾ ಇಲ್ಲವಾ ನೋಡಲು ಮೇಲಿನ ಟ್ಯೂಬ್‌ಲೈಟ್ ಸಾಲದು. ಲೇತ್ ನಿಲ್ಲಿಸಿ, ಮೊಬೈಲಿನ ಟಾರ್ಚ್ ಅನ್ನು ಮರಕ್ಕೆ ಒರಗಿಸಿದ ಹಾಗೆ ಪಕ್ಕದಿಂದ ಹಿಡಿಯಿರಿ. ಎಲ್ಲ ಕಾಣುತ್ತದೆ.

---

ಚನ್ನಪಟ್ಟಣದ ಹುಡುಗ

ಅಣ್ಣಾ, ಸರ್ ಹೇಳಿದ್ದು ಸರಿ. ಆದರೆ ನಾನು ಇನ್ನೂ ಹಿಂದಿನಿಂದ ಶುರು ಮಾಡುತ್ತೇನೆ. 35 ಮಿಲಿಮೀಟರಿನ ಹಾಲೆ ಮರಕ್ಕೆ 80 ನಂಬರ್ ಯಾಕೆ ಬೇಕಾಯಿತು? ಉಳಿ ಬಿಟ್ಟ ಒರಟು ತೆಗೆಯಲು ಅಲ್ವಾ? ಹಾಗಾದರೆ ಸರಿ ಮಾಡಬೇಕಾದ್ದು ಉಳಿಯನ್ನು.

ನಮ್ಮ ಮನೆಯಲ್ಲಿ ತಾತನ ಕಾಲದಿಂದ ಇದೇ ಕೆಲಸ. ನಾನು ಚಿಕ್ಕವನಿದ್ದಾಗ ಅಪ್ಪ ಕಾಗದ ಕೈಗೆ ಕೊಡುತ್ತಿರಲಿಲ್ಲ. "ಉಳಿಯಲ್ಲೇ ನುಣ್ಣಗೆ ಮಾಡು, ಆಮೇಲೆ ಕಾಗದ ಕೇಳು" ಅನ್ನುತ್ತಿದ್ದರು. ಹಾಲೆ ಮೆತ್ತನೆಯ ಮರ, ನಾರು ಬಿಗಿಯಾಗಿ ಒಂದೇ ಸಮ ಇರುತ್ತದೆ. ಬೊಂಬೆಗೆ ಅದನ್ನೇ ಹಿಡಿದಿರುವುದು ಅದಕ್ಕೇ. ಅಂಥ ಮರವನ್ನು ಓರೆ ಬಾಯಿಯ ಉಳಿಯಲ್ಲಿ ಕೊನೆಯ ಸಲ ಸವರಿದರೆ ಈರುಳ್ಳಿ ಸಿಪ್ಪೆಯಂಥ ಹೊಟ್ಟು ಸುರುಳಿಯಾಗಿ ಬರಬೇಕು. ಸುರುಳಿ ಬರದೆ ಪುಡಿ ಬರುತ್ತಿದ್ದರೆ ಉಳಿ ಮೊಂಡಾಗಿದೆ, ಇಲ್ಲವೇ ನೀವು ಕೊಯ್ಯುತ್ತಿಲ್ಲ, ಕೆರೆಯುತ್ತಿದ್ದೀರಿ.

ಉಳಿ ಚೆನ್ನಾಗಿ ಕೊಯ್ದರೆ ನೇರ 180ರಿಂದ ಶುರು ಮಾಡಬಹುದು, ಎಷ್ಟೋ ಸಲ 240ರಿಂದ. ನಿಮ್ಮ ಎರಡನೆಯ ತೊಂದರೆ ಅಲ್ಲೇ ಅರ್ಧ ಹೋಯಿತು. ದೊಡ್ಡ ಬಟ್ಟಲಿನಲ್ಲಿ ಅರ್ಧ ಮಿಲಿಮೀಟರ್ ಸವೆದರೆ ಯಾರಿಗೂ ಗೊತ್ತಾಗುವುದಿಲ್ಲ. 8 ಮಿಲಿಮೀಟರ್ ಗುಬ್ಬಿಯಲ್ಲಿ ಎರಡೂ ಕಡೆ ಅರ್ಧ ಅರ್ಧ ಹೋದರೆ ಅದು 7 ಆಯಿತು, ಆಕಾರವೇ ಬೇರೆ.

ಉಬ್ಬು ಪಟ್ಟಿಗೆ ಕಾಗದವನ್ನು ಮೂರು ಮಡಿಕೆ ಮಾಡಿ. ಎರಡು ಮಡಿಕೆ ಆದರೆ ಕೈಯಲ್ಲಿ ಜಾರುತ್ತದೆ, ಮೂರು ಆದರೆ ಜಾರಲ್ಲ. ಮಡಿಕೆಯ ಅಂಚಿನಿಂದ ಪಟ್ಟಿಯ ಎಡ ಇಳಿಜಾರು ಒಂದು ಸಲ, ಬಲ ಇಳಿಜಾರು ಒಂದು ಸಲ, ಬೇರೆ ಬೇರೆಯಾಗಿ. ಎರಡು ಪಟ್ಟಿಯ ಮೇಲೆ ಒಟ್ಟಿಗೆ ಅಗಲ ಕಾಗದ ಒತ್ತಿದರೆ ನೆತ್ತಿ ಸವೆದು ಗೆರೆ ಮುಚ್ಚಿಹೋಗುತ್ತದೆ. ಬೆರಳು ಮೆತ್ತಗೆ ಇರುವುದರಿಂದ ಅದು ಎಲ್ಲ ಮೂಲೆಗೂ ಹೋಗಿ ಎಲ್ಲವನ್ನೂ ಗುಂಡು ಮಾಡುತ್ತದೆ.

ಕಾಗದ ಉಜ್ಜಿದ ಮೇಲೆ ಗೆರೆ ಚೂಪು ಮಾಡಲು ಮತ್ತೆ ಉಳಿ ಇಡಬೇಡಿ. ಕಾಗದದ ಕಣ ಉದುರಿ ಮರದ ನಾರಿನಲ್ಲಿ ಸಿಕ್ಕಿರುತ್ತದೆ. ಉಳಿಯ ಬಾಯಿ ತಕ್ಷಣ ಹೋಗುತ್ತದೆ.

---

ಗ್ಯಾರೇಜ್ ಕನ್ನಡಿಗ (ನ್ಯೂಜೆರ್ಸಿ)

ಬಿರುಕಿನ ಬಗ್ಗೆ ನಾನು ಹೇಳುತ್ತೇನೆ. ಅದು ಬಿಸಿಯಿಂದ ಬಂದದ್ದು ಅನ್ನಿಸುತ್ತದೆ. ಮುಚ್ಚಳದ ತಲೆಯಲ್ಲಿ ನಾರಿನ ತುದಿ ಹೊರಗೆ ಇರುತ್ತದೆ. ಅಲ್ಲಿ ಕಾಗದ ಒತ್ತಿ ಹಿಡಿದರೆ ಮೇಲ್ಪದರ ಬೇಗ ಒಣಗಿ ಕುಗ್ಗುತ್ತದೆ, ಒಳಗಿನದು ಕುಗ್ಗುವುದಿಲ್ಲ, ಸೀಳುತ್ತದೆ. 2000 ಸುತ್ತು ತುಂಬಾ ಜಾಸ್ತಿ ಆಯಿತು. ನಾನು ಬಟ್ಟಲು ಮಾಡುವಾಗ 500ರ ಮೇಲೆ ಹೋಗುವುದಿಲ್ಲ.

---

ಹಳೇ ಫಿಟ್ಟರ್

ಬಿಸಿ ಅನ್ನುವುದು ಒಪ್ಪುತ್ತೇನೆ. 500ರ ಲೆಕ್ಕ ಒಪ್ಪಲಾರೆ. ಬಟ್ಟಲಿನ ಲೆಕ್ಕವನ್ನು ಭರಣಿಗೆ ತರಬಾರದು.

250 ಮಿಲಿಮೀಟರ್ ಬಟ್ಟಲು 500 ಸುತ್ತಿನಲ್ಲಿ ತಿರುಗಿದರೆ ಅದರ ಅಂಚು ಕಾಗದದ ಕೆಳಗೆ ನಿಮಿಷಕ್ಕೆ 390 ಮೀಟರ್ ಓಡುತ್ತದೆ. 35 ಮಿಲಿಮೀಟರ್ ಭರಣಿ 2000 ಸುತ್ತಿನಲ್ಲಿ ತಿರುಗಿದರೂ 220 ಮೀಟರ್ ಅಷ್ಟೇ. 8 ಮಿಲಿಮೀಟರ್ ಗುಬ್ಬಿ ಆದರೆ ಬರೀ 50. ಸುತ್ತು ಒಂದೇ ಆದರೂ ಮೈ ಓಡುವ ವೇಗ ಬೇರೆ ಬೇರೆ. ಗುಬ್ಬಿಯನ್ನು 500ರಲ್ಲಿ ಉಜ್ಜಿದರೆ ಕಾಗದ ಸರಿಯಾಗಿ ಕೊಯ್ಯುವುದೇ ಇಲ್ಲ.

---

ಗ್ಯಾರೇಜ್ ಕನ್ನಡಿಗ (ನ್ಯೂಜೆರ್ಸಿ)

ಸರ್, ಲೆಕ್ಕ ಸರಿ ಇದೆ, ಒಪ್ಪಿದೆ. ಆದರೆ ಇನ್ನೊಂದು ಮಾತು. ಬಟ್ಟಲಿನಲ್ಲಿ ಕಾಗದ ತಾಗಿದ ಜಾಗ ಒಂದು ಸುತ್ತು ಪೂರ್ತಿ ಗಾಳಿಗೆ ತಣಿದು ಮತ್ತೆ ಬರುತ್ತದೆ. ಚಿಕ್ಕ ಸಾಮಾನನ್ನು ಕಾಗದ ಕಾಲು ಭಾಗ, ಕೆಲವು ಸಲ ಅರ್ಧ ಭಾಗ ಅಪ್ಪಿಕೊಂಡೇ ಇರುತ್ತದೆ. ಬಿಸಿಯನ್ನು ಹೀರಿಕೊಳ್ಳಲು ಅಲ್ಲಿ ಮರವೂ ಕಮ್ಮಿ. ಹಾಗಾಗಿ ವೇಗ ಕಮ್ಮಿ ಇದ್ದರೂ ಬೇಗ ಕಾಯುತ್ತದೆ.

---

ಹಳೇ ಫಿಟ್ಟರ್

ಅದು ಸರಿಯಾದ ಮಾತು. ಹಾಗಾದರೆ ಭರಣಿಯ ಹೊಟ್ಟೆಗೆ 1000ದಿಂದ 1200, ಗುಬ್ಬಿಗೆ 1500. ಆದರೆ ಕೈ ಹಗುರವಾಗಿರಬೇಕು, ಎರಡು ಮೂರು ಸೆಕೆಂಡಿಗೆ ಒಮ್ಮೆ ಎತ್ತಬೇಕು, ಕಾಗದವನ್ನು ಒಂದೇ ಕಡೆ ನಿಲ್ಲಿಸದೆ ಅತ್ತಿತ್ತ ಆಡಿಸುತ್ತಿರಬೇಕು. ಕಾಗದದ ಹಿಂದೆ ದಪ್ಪ ಬಟ್ಟೆ, ಸ್ಪಂಜು ಏನೂ ಬೇಡ. ಬರಿ ಬೆರಳು ಇರಲಿ. ಬೆರಳಿಗೆ ತಡೆಯಲಾಗದಷ್ಟು ಬಿಸಿ ಆದರೆ ಮರಕ್ಕೂ ತಡೆಯಲಾಗದು.

---

ಚನ್ನಪಟ್ಟಣದ ಹುಡುಗ

ಬಿರುಕಿಗೆ ಇನ್ನೊಂದು ಕಾರಣವೂ ಇರಬಹುದು ಅಣ್ಣಾ. ಮರ ಎಷ್ಟು ದಿನ ಒಣಗಿಸಿದ್ದೀರಿ? ಹಾಲೆಯನ್ನು ನಾವು ಎರಡು ಮೂರು ತಿಂಗಳು ನೆರಳಿನಲ್ಲಿ ಒಣಗಿಸದೆ ಲೇತಿಗೆ ಏರಿಸುವುದಿಲ್ಲ. ಹಸಿ ಇದ್ದರೆ ಮೊದಲ ದಿನ ಚೆನ್ನಾಗಿ ಕಂಡು ಹತ್ತನೆಯ ದಿನ ಮುಚ್ಚಳ ಕೂರುವುದಿಲ್ಲ.

---

ಕಡಲ ಕಡೆಯವಳು

ಇದನ್ನೆಲ್ಲ ಓದುತ್ತಾ ನಮ್ಮ ಅಜ್ಜನ ನೆನಪಾಯಿತು. ಅವರು ಆಚಾರಿ ಕೆಲಸದವರು. ಅಂಗಡಿಯ ಕಾಗದ ಮುಗಿದಾಗ ಗರಗತ್ತಿ ಎಲೆ ತರಿಸುತ್ತಿದ್ದರು. ಅದು ಅತ್ತಿಯ ಜಾತಿಯ ಮರ, ಎಲೆ ಮುಟ್ಟಿದರೆ ಬೆಕ್ಕಿನ ನಾಲಿಗೆಯ ಹಾಗೆ ಗರಗರ. ಒಣಗಿದ ಎಲೆಯಲ್ಲಿ ಕಡೆಗೋಲಿನ ಹಿಡಿ, ತೊಟ್ಟಿಲ ಗುಂಡು ಉಜ್ಜಿದರೆ ಗೀರೇ ಬೀಳುತ್ತಿರಲಿಲ್ಲ. ಕೊನೆಯ ಉಜ್ಜಿಗೆ ಈಗಲೂ ನಾನು ಅದನ್ನೇ ಬಳಸುತ್ತೇನೆ. ಲೇತ್ ಓಡುವಾಗ ಅಲ್ಲ, ನಿಲ್ಲಿಸಿ, ನಾರಿನ ಉದ್ದಕ್ಕೆ.

ಈ ನಾರಿನ ಉದ್ದಕ್ಕೆ ಅನ್ನುವ ಮಾತನ್ನು ಯಾರೂ ಹೇಳಲಿಲ್ಲ. ಲೇತಿನಲ್ಲಿ ಉಜ್ಜಿದ ಗೀರು ಎಲ್ಲವೂ ನಾರಿಗೆ ಅಡ್ಡ ಇರುತ್ತವೆ. ಅಡ್ಡ ಗೀರು ಕಣ್ಣಿಗೆ ಬೇಗ ಸಿಗುತ್ತದೆ. ಒಂದೊಂದು ನಂಬರ್ ಮುಗಿದಾಗಲೂ ಲೇತ್ ನಿಲ್ಲಿಸಿ, ಅದೇ ಕಾಗದದಲ್ಲಿ ಕೈಯಲ್ಲಿ ಉದ್ದಕ್ಕೆ ನಾಲ್ಕು ಸಲ ಎಳೆಯಿರಿ. ಉಂಗುರ ಮಾಯವಾಗುತ್ತದೆ. ಮುಚ್ಚಳದ ತಲೆಯ ನಟ್ಟನಡುವೆ ಲೇತ್ ತಿರುಗಿದರೂ ಮರ ಓಡುವುದೇ ಇಲ್ಲ, ಅಲ್ಲಿ ಹೇಗೂ ಕೈಯಲ್ಲೇ ಉಜ್ಜಬೇಕು.

ಕೊನೆಯ ನಂಬರಿಗೆ ಮೊದಲು ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ ಪೂರ್ತಿ ಒಣಗಲು ಬಿಡಿ. ಮಲಗಿದ ನಾರು ಎದ್ದು ನಿಲ್ಲುತ್ತದೆ. ಅದನ್ನು ತೆಗೆದರೆ ಆಮೇಲೆ ಒದ್ದೆ ಕೈ ತಾಗಿದರೂ ಒರಟಾಗುವುದಿಲ್ಲ. ಕುಂಕುಮ ಭರಣಿ ಅಂದಮೇಲೆ ಒದ್ದೆ ಕೈ ತಾಗಿಯೇ ತಾಗುತ್ತದೆ.

ಇನ್ನೊಂದು ಕೇಳುತ್ತೇನೆ. ಮೂಗಿಗೆ ಏನು ಕಟ್ಟಿಕೊಳ್ಳುತ್ತಿದ್ದೀರಿ?

---

ತಿರುಗುವ ಮರ (ತುಮಕೂರು)

ಅಕ್ಕಾ, ಟವೆಲ್ ಕಟ್ಟಿಕೊಳ್ಳುತ್ತೇನೆ.

---

ಕಡಲ ಕಡೆಯವಳು

ಟವೆಲ್ ಸಾಲುವುದಿಲ್ಲ ತಮ್ಮಾ. ಉಳಿಯ ಹೊಟ್ಟು ದಪ್ಪ, ಕೆಳಗೆ ಬೀಳುತ್ತದೆ. ಕಾಗದದ ಪುಡಿ ಹಾಗಲ್ಲ, ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಪುಡಿಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗಿನ ಒಳಗಿನ ಕ್ಯಾನ್ಸರ್ ಅದು. ಹೆದರಿಸಲು ಹೇಳುತ್ತಿಲ್ಲ. ಅಜ್ಜನ ಕೊನೆಯ ವರ್ಷಗಳ ಕೆಮ್ಮನ್ನು ಪಕ್ಕದ ಕೋಣೆಯಲ್ಲಿ ಮಲಗಿ ಕೇಳಿದವಳು ನಾನು.

ಎನ್ 95 ಮಾಸ್ಕ್ ಹಾಕಿ, ಮೂಗಿನ ಪಟ್ಟಿ ಒತ್ತಿ. ಲೇತಿನ ಹಿಂದೆ ಒಂದು ಫ್ಯಾನ್ ಇಟ್ಟು ಗಾಳಿ ಕಿಟಕಿಯ ಹೊರಗೆ ಹೋಗುವ ಹಾಗೆ ಮಾಡಿ. ಕೆಲಸ ಮುಗಿದ ಕೂಡಲೇ ಮಾಸ್ಕ್ ತೆಗೆದು ಗುಡಿಸಲು ಹೋಗಬೇಡಿ, ಪುಡಿ ಜಾಸ್ತಿ ಏಳುವುದೇ ಆಗ. ಬೀಟೆ ಮರ ಉಜ್ಜಿದ ದಿನ ನನಗೆ ಕುತ್ತಿಗೆಯೆಲ್ಲ ಕೆಂಪು ದದ್ದು ಬರುತ್ತದೆ. ಕೆಲವರಿಗೆ ಕೆಲವು ಮರ ಒಗ್ಗುವುದಿಲ್ಲ.

---

ತಿರುಗುವ ಮರ (ತುಮಕೂರು)

ಇವತ್ತೇ ಮಾಸ್ಕ್ ತಂದೆ ಅಕ್ಕಾ. ಫ್ಯಾನಿಗೂ ಜಾಗ ಮಾಡಿದ್ದೇನೆ.

ಮರ ಒಣಗಿದೆ, ಮಾರಿದವರು ನಾಲ್ಕು ತಿಂಗಳು ಅಂದಿದ್ದರು. ಇನ್ನೊಂದು ಸಂಶಯ. ಭರಣಿಯ ಒಳಗೆ 22 ಮಿಲಿಮೀಟರ್ ತೂತು. ಅದರ ಒಳಗೆ ಹೇಗೆ ಉಜ್ಜಲಿ? ಈಗ ಬೆರಳಿಗೆ ಕಾಗದ ಸುತ್ತಿ ಒಳಗೆ ಹಾಕುತ್ತಿದ್ದೇನೆ.

---

ಗ್ಯಾರೇಜ್ ಕನ್ನಡಿಗ (ನ್ಯೂಜೆರ್ಸಿ)

ಅದನ್ನು ಈ ಕ್ಷಣವೇ ನಿಲ್ಲಿಸಿ. ದಯವಿಟ್ಟು.

ಮೂರು ವರ್ಷದ ಹಿಂದೆ ನಾನು ಬಟ್ಟೆ ಬೆನ್ನಿನ ಉಪ್ಪು ಕಾಗದದ ಪಟ್ಟಿಯನ್ನು ತೋರು ಬೆರಳಿಗೆ ಒಂದು ಸುತ್ತು ಸುತ್ತಿ ಒಂದು ಪೆನ್ನಿನ ಮೈ ಉಜ್ಜುತ್ತಿದ್ದೆ. ಪಟ್ಟಿಯ ತುದಿ ಮರಕ್ಕೆ ಸಿಕ್ಕಿತು. ಏನಾಯಿತು ಅಂತ ತಿಳಿಯುವ ಮೊದಲೇ ಉಗುರು ಕಿತ್ತು ಬಂದಿತ್ತು, ಬೆರಳಿನ ಗೆಣ್ಣು ತಿರುಚಿತ್ತು. ಚಿಕ್ಕ ಲೇತ್, ಅರ್ಧ ಎಚ್‌ಪಿ ಮೋಟಾರು. ಚಿಕ್ಕದು ಅಂತ ಅದು ಸುಮ್ನೆ ಬಿಡುವುದಿಲ್ಲ. ಆ ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ.

ಕಾಗದವನ್ನು ಬೆರಳಿಗೆ ಸುತ್ತಬಾರದು. ಚಿವುಟಿ ಹಿಡಿದಿರಬೇಕು, ಎಳೆದರೆ ಕೈಬಿಟ್ಟು ಹೋಗಬೇಕು. ಉಜ್ಜುವ ಮೊದಲು ಟೂಲ್ ರೆಸ್ಟ್ (ಉಳಿ ಊರುವ ಕಂಬಿ) ತೆಗೆದು ಪಕ್ಕಕ್ಕೆ ಇಡಿ, ಅದಕ್ಕೂ ಮರಕ್ಕೂ ನಡುವೆ ಬೆರಳು ಸಿಕ್ಕರೆ ಬಿಡಿಸಲು ಆಗುವುದಿಲ್ಲ. ಕಾಗದವನ್ನು ಮರದ ಕೆಳಭಾಗಕ್ಕೆ ತಾಗಿಸಿ. ಮುಂದೆ ಕೆಳಗಿಳಿದ ಮರ ಅಲ್ಲಿ ನಿಮ್ಮಿಂದ ದೂರಕ್ಕೆ ಓಡುತ್ತಿರುತ್ತದೆ, ಸಿಕ್ಕಿದರೂ ಕಾಗದ ಆಚೆ ಹೋಗುತ್ತದೆ, ಪುಡಿಯೂ ಆಚೆ ಹಾರುತ್ತದೆ. ಒರೆಸಲು ಬಟ್ಟೆ ಬೇಡ, ಟಿಶ್ಯೂ ಪೇಪರ್ ಸಾಕು. ಸಿಕ್ಕಿಕೊಂಡರೆ ಹರಿಯುತ್ತದೆ.

ಒಳಗೆ ಉಜ್ಜಲು 12 ಮಿಲಿಮೀಟರಿನ ಕೋಲು ತೆಗೆದುಕೊಳ್ಳಿ. ತುದಿಯಲ್ಲಿ ಗರಗಸದಿಂದ ಎರಡು ಇಂಚು ಸೀಳಿ. ಸೀಳಿನಲ್ಲಿ ಕಾಗದದ ತುದಿ ಸಿಕ್ಕಿಸಿ ಎರಡು ಮೂರು ಸುತ್ತು ಸುತ್ತಿ. ಮರ ತಿರುಗುವಾಗ ಸುತ್ತು ಬಿಗಿಯಾಗುವ ಕಡೆಗೆ ಸುತ್ತಬೇಕು, ಬಿಚ್ಚುವ ಕಡೆಗೆ ಅಲ್ಲ.

---

ಚನ್ನಪಟ್ಟಣದ ಹುಡುಗ

ಮುಚ್ಚಳ ಕೂರುವ ಬಾಯಿಗೆ ಮಾತ್ರ ಒಳಗೂ ಹೊರಗೂ ಕಾಗದ ತಾಗಿಸಲೇಬೇಡಿ ಅಣ್ಣಾ. ಅದು ಉಳಿಯಲ್ಲೇ ಮುಗಿಯಬೇಕು. ಎರಡು ಸಲ ಕಾಗದ ಆಡಿಸಿದರೆ ಮುಚ್ಚಳ ಸಡಿಲ ಆಗುತ್ತದೆ. ಮದುವೆ ಮನೆಯಲ್ಲಿ ಯಾರೋ ರೇಷ್ಮೆ ಸೀರೆಯ ಮೇಲೆ ಕುಂಕುಮ ಚೆಲ್ಲಿಕೊಂಡರೆ ಕಷ್ಟ.

---

ಮಣಿ ಪೋಣಿಸುವವಳು

ನಡುವೆ ಬಂದಿದ್ದಕ್ಕೆ ಬೇಜಾರಾಗಬೇಡಿ. ನಾನು 10 ಮಿಲಿಮೀಟರಿನ ಮರದ ಮಣಿ ಮಾಡುತ್ತೇನೆ, ಒಂದು ಸರಕ್ಕೆ ನೂರಕ್ಕೂ ಜಾಸ್ತಿ. ಒಂದೊಂದನ್ನೂ ಇಷ್ಟು ನಂಬರ್ ಉಜ್ಜಬೇಕಾ?

---

ಹಳೇ ಫಿಟ್ಟರ್

ಬೇಡಮ್ಮಾ. ಡಬ್ಬದಲ್ಲಿ ಉರುಳಿಸಿ. ಪ್ಲಾಸ್ಟಿಕ್ ಡಬ್ಬದ ಒಳಗೋಡೆಗೆ 180 ನಂಬರ್ ಕಾಗದ ಅಂಟಿಸಿ, ಅರ್ಧ ಡಬ್ಬ ಮಣಿ ಹಾಕಿ, ಮಲಗಿಸಿ ನಿಧಾನವಾಗಿ ತಿರುಗಿಸಬೇಕು. ನಿಮಿಷಕ್ಕೆ 30, 40 ಸುತ್ತು ಸಾಕು. ಜೋರಾಗಿ ತಿರುಗಿದರೆ ಮಣಿ ಗೋಡೆಗೆ ಅಂಟಿಕೊಂಡು ಉರುಳುವುದೇ ಇಲ್ಲ. ಕೆಲವು ಗಂಟೆ ಆದ ಮೇಲೆ ಕಾಗದ ಬದಲಿಸಿ 240, ಆಮೇಲೆ 400. ಕೊನೆಗೆ ಬಟ್ಟೆ ಚೂರುಗಳಿಗೆ ಸ್ವಲ್ಪ ಮೇಣ ಹಚ್ಚಿ ಅದರ ಜೊತೆ ಉರುಳಿಸಿದರೆ ಹೊಳಪೂ ಬರುತ್ತದೆ. ಗುಂಡು ಮಣಿಗೆ ಮಾತ್ರ ಇದು. ಚೂಪು ಅಂಚು, ಗೆರೆ ಇರುವ ಮಣಿಗೆ ಬೇಡ.

---

ತಿರುಗುವ ಮರ (ತುಮಕೂರು)

ಒಂಬತ್ತು ದಿನ ಆಯಿತು, ವರದಿ ಕೊಡುತ್ತಿದ್ದೇನೆ. 22 ಭರಣಿ ಮುಗಿದಿವೆ.

ಮೊದಲ ಎರಡು ದಿನ ಬರೀ ಉಳಿ ಮಸೆಯುವುದನ್ನೇ ಕಲಿತೆ. ಮೂರನೆಯ ದಿನ ಆ ಈರುಳ್ಳಿ ಸಿಪ್ಪೆ ಬಂತು. ಆ ಸುರುಳಿಯನ್ನು ಎತ್ತಿ ಅಮ್ಮನಿಗೆ ತೋರಿಸಿದೆ. ಉಳಿ ಬಿಟ್ಟ ಮೈ ಮುಟ್ಟಿದರೆ ನನ್ನ ಹಳೆಯ 400ರ ಮೈಗಿಂತ ನುಣ್ಣಗಿತ್ತು. ಈಗ 180ರಿಂದ ಶುರು, 240, 320, 400. ನಡುನಡುವೆ ಉದ್ದಕ್ಕೆ ಕೈ ಉಜ್ಜು. ಉಂಗುರ ಇಲ್ಲ. ಉಬ್ಬು ಪಟ್ಟಿ ನಿಂತಿದೆ. 1100 ಸುತ್ತಿನಲ್ಲಿ ಮಾಡಿದ ಮುಚ್ಚಳಗಳಲ್ಲಿ ಎರಡು ಬಿಟ್ಟು ಯಾವುದೂ ಬಿರಿದಿಲ್ಲ.

ಒಂದು ಹೊಸ ತೊಂದರೆ. ಹಾಲೆ ಮರದ ಬಿಳುಪು ಹೋಗಿ ಬೂದಿ ಬಣ್ಣ ಬಂದಿದೆ. ಎಲ್ಲದಕ್ಕೂ ಅಲ್ಲ, ಕಳೆದ ವಾರ ಮಾಡಿದ ಆರಕ್ಕೆ. ಮರವೇ ಹಾಗಾ?

---

ಹಳೇ ಫಿಟ್ಟರ್

ಕಳೆದ ವಾರ ಕಪ್ಪು ಕಾಗದ ತಂದಿರಾ? ಗಾಡಿಗೆ ಬಣ್ಣ ಹೊಡೆಯುವವರು ನೀರು ಹಾಕಿ ಉಜ್ಜುತ್ತಾರಲ್ಲ, ಆ ವಾಟರ್ ಪೇಪರ್?

---

ತಿರುಗುವ ಮರ (ತುಮಕೂರು)

ಹೌದು ಸರ್! 320 ಅದರಲ್ಲೇ ಸಿಕ್ಕಿದ್ದು.

---

ಹಳೇ ಫಿಟ್ಟರ್

ಅದೇ ಕಾರಣ. ಅದು ಸಿಲಿಕಾನ್ ಕಾರ್ಬೈಡ್, ಕಣ ಕಪ್ಪು. ಉದುರಿದ ಕಣ ಬಿಳಿ ಮರದ ನಾರಿನಲ್ಲಿ ಕೂರುತ್ತದೆ. ಬೀಟೆಯಂಥ ಮರದಲ್ಲಿ ಗೊತ್ತೇ ಆಗುವುದಿಲ್ಲ, ಹಾಲೆಯಲ್ಲಿ ಎದ್ದು ಕಾಣುತ್ತದೆ. ಅಲ್ಯುಮಿನಿಯಂ ಆಕ್ಸೈಡ್ ಕಾಗದ ತನ್ನಿ, ಕಂದು ಅಥವಾ ಬಿಳಿ ಬಣ್ಣದಲ್ಲಿ ಬರುತ್ತದೆ. ಆ ಆರು ಭರಣಿಯನ್ನು ಬ್ರಷ್‌ನಲ್ಲಿ ಚೆನ್ನಾಗಿ ಉಜ್ಜಿ, ಹೊಸ ಕಾಗದದ 240ರಿಂದ ಒಂದು ಸಲ ಹಗುರವಾಗಿ ಸವರಿದರೆ ಸರಿಹೋಗುತ್ತದೆ. ಪ್ರತಿ ನಂಬರ್ ಬದಲಿಸುವಾಗಲೂ ಹಿಂದಿನ ಪುಡಿಯನ್ನು ಬ್ರಷ್‌ನಲ್ಲಿ ತೆಗೆಯಿರಿ. ಒಂದೇ ಒಂದು ದಪ್ಪ ಕಣ ಉಳಿದರೂ ಹೊಸ ಗೀರು ಹಾಕುತ್ತದೆ.

---

ತಿರುಗುವ ಮರ (ತುಮಕೂರು)

ತುಂಬಾ ಉಪಕಾರ ಆಯಿತು ಸರ್. ಕೊನೆಯದಾಗಿ ಚನ್ನಪಟ್ಟಣದ ತಮ್ಮನಿಗೆ ಒಂದು ಪ್ರಶ್ನೆ. ತಂಗಿಗೆ ಅಂತ ಒಂದು ಭರಣಿಯನ್ನಾದರೂ ಅರಗಿನಲ್ಲಿ ಮಾಡಬೇಕು ಅಂತ ಆಸೆ. ಅರಗಿಗೆ 400ರವರೆಗೆ ಉಜ್ಜಬೇಕಾ? ತಾಳೆಗರಿಯಲ್ಲಿ ಉಜ್ಜುತ್ತಾರೆ ಅಂತ ಕೇಳಿದ್ದೇನೆ, ಅದೂ ಕಾಗದದ ಥರಾನಾ?

---

ಚನ್ನಪಟ್ಟಣದ ಹುಡುಗ

ಅಲ್ಲ ಅಣ್ಣಾ, ತುಂಬಾ ಜನ ಹಾಗೆ ಅಂದುಕೊಂಡಿದ್ದಾರೆ. ತಾಳೆಗರಿ ಅಂದರೆ ನಾವು ಹೇಳುವುದು ಕೇದಗೆಯ ಗರಿ. ಅದು ಮರ ಸವೆಸಲು ಅಲ್ಲ. ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದಾಗ ಉಜ್ಜಿದ ಬಿಸಿಗೇ ಅರಗು ಕರಗಿ ಅಂಟುತ್ತದೆ. ಅಂಟಿದ್ದು ಏರುಪೇರಾಗಿ ಇರುತ್ತದೆ. ಮುಳ್ಳು ತೆಗೆದ ಗರಿಯನ್ನು ಅದರ ಮೇಲೆ ಒತ್ತಿ ಹಿಡಿದರೆ ಅರಗು ಒಂದೇ ಸಮ ಹರಡಿ ಹೊಳೆಯುತ್ತದೆ. ನೋಡಿ, ಅದೇ ಬಿಸಿ ಕಾಗದದಲ್ಲಿ ಮರ ಒಡೆಯುತ್ತದೆ, ಇಲ್ಲಿ ಬಣ್ಣ ಕೂರಿಸುತ್ತದೆ.

400 ಬೇಡ. 240ಕ್ಕೆ ನಿಲ್ಲಿಸಿ. ಅತಿ ನುಣುಪಾದ ಮೈಗೆ ಅರಗಿಗೆ ಹಿಡಿತ ಕಮ್ಮಿ. ಎಣ್ಣೆ, ಮೇಣ ಏನೂ ತಾಗಿರಬಾರದು. ಗೀರು ಮಾತ್ರ ಇರಬಾರದು, ಅರಗು ಗೀರನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ.

ಆದರೆ ಇದು ಓದಿ ಬರುವ ಕೆಲಸ ಅಲ್ಲ. ಭಾನುವಾರ ಬನ್ನಿ, ಅಪ್ಪ ಮನೆಯಲ್ಲೇ ಇರುತ್ತಾರೆ. ನಮ್ಮ ಲೇತಿನಲ್ಲೇ ತಂಗಿಯ ಭರಣಿಗೆ ಅರಗು ಹಚ್ಚೋಣ. ಕೆಂಪು, ಹಳದಿ ಎರಡೂ ಕಡ್ಡಿ ಇವೆ. ಬರುವಾಗ ಆ ಬಿರಿದ ಎರಡು ಮುಚ್ಚಳವನ್ನೂ ತನ್ನಿ. ಬಿರುಕು ಬಿಸಿಯದ್ದೋ ಹಸಿಯದ್ದೋ ಅಪ್ಪ ಕೈಯಲ್ಲಿ ಹಿಡಿದರೆ ಹೇಳಿಬಿಡುತ್ತಾರೆ.